ವಿಗ್ರಹಗಳ ಪೂರ್ವೋತ್ತರ: ಗಡಿ ದಾಟಿದ ಒಂದು ಅಪರಾಧದ ಇತಿಹಾಸ

ತಂಜಾವೂರಿನ ಅರಮನೆಯ ಕಲಾಸಂಗ್ರಹಾಲಯದಲ್ಲಿರುವ ಒಂದು ದ್ವಾರಪಾಲಕ ಮೂರ್ತಿ ಕರ್ನಾಟಕದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಅಪರಿಚಿತವಲ್ಲ. ಸುತ್ತಲಿನ ಚೋಳಶಿಲ್ಪಗಳಿಗೂ ಅದಕ್ಕೂ ಹೋಲಿಕೆ ಸಾಲದು. ಅದರ ಶೈಲಿ ಚಾಲುಕ್ಯರದು. ಅದರಲ್ಲಿ ಕೊರೆದಿರುವ ತಮಿಳು ಬರಹ ಈ ಭೇದದ ಕಾರಣವನ್ನು ತಾನೇ ಹೇಳುತ್ತದೆ: ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ಅಲ್ಲಿಂದ ತಂದ ದ್ವಾರಪಾಲಕ ಇದು. ವಿಜಯರಾಜೇಂದ್ರನೆಂದರೆ ಚೋಳ ರಾಜಾಧಿರಾಜ. ಕಲ್ಯಾಣಪುರವೆಂದರೆ ಆಹವಮಲ್ಲ ಸೋಮೇಶ್ವರನ ರಾಜಧಾನಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ಗಡಿ ದಾಟಿದ ಈ ಮೂರ್ತಿ ದಾರಾಸುರದ ದೇವಾಲಯದಲ್ಲಿ ಬಹುಕಾಲವಿದ್ದು, ಕೊನೆಗೆ ಸಂಗ್ರಹಾಲಯವನ್ನು ಸೇರಿತು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ನಾವು ಈ ಬರಹದ ಅರ್ಥವನ್ನು ವಿವರಿಸಿದೆವು. ಕೇಳಿದ ಒಬ್ಬ ವಿದ್ಯಾರ್ಥಿನಿ, “ಹಾಗಾದರೆ ಇದು ಕದ್ದ ಮಾಲಲ್ಲವೆ ಸರ್? ನಾವು ವಾಪಸು ಕೇಳಬಹುದಲ್ಲ?” ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕು ಮುಂದಿನ ಮೂರ್ತಿಯ ಬಳಿಗೆ ನಡೆದೆವು. ಅಂದು ಕೊಡದೆ ಹೋದ ಉತ್ತರವೇ ಈ ಲೇಖನವಾಗಿ ಬೆಳೆದಿದೆ.

ಗೆದ್ದ ಅರಸನು ಸೋತವನ ದೇವರನ್ನು ತರುವುದು ನಮ್ಮ ನಾಡಿನಲ್ಲಿ ಅಪೂರ್ವವಾದ ಸಂಗತಿಯೇನೂ ಆಗಿರಲಿಲ್ಲ. ಕೃಷ್ಣದೇವರಾಯನು ಗಜಪತಿಯ ಮೇಲೆ ದಂಡೆತ್ತಿ ಹೋಗಿ ಉದಯಗಿರಿಯಿಂದ ಬಾಲಕೃಷ್ಣನ ಮೂರ್ತಿಯನ್ನು ತಂದು, 1515ರಲ್ಲಿ ಹಂಪೆಯ ಕೃಷ್ಣದೇವಾಲಯದಲ್ಲಿ ಪ್ರತಿಷ್ಠೆ ಮಾಡಿಸಿದ. ಆ ಮೂರ್ತಿ ಈಗ ಚೆನ್ನೈನ ಸಂಗ್ರಹಾಲಯದಲ್ಲಿದೆ. ಪಲ್ಲವರು ಬಾದಾಮಿಯನ್ನು ಗೆದ್ದಾಗ ವಾತಾಪಿ ಗಣಪತಿಯನ್ನು ಕೊಂಡೊಯ್ದರೆಂಬ ಕಥೆಯನ್ನಂತೂ ಸಂಗೀತ ಬಲ್ಲವರೆಲ್ಲರೂ ಹೇಳುತ್ತಾರೆ. ಅದಕ್ಕೆ ಸಮಕಾಲೀನವಾದ ಆಧಾರವಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅದು 642ರ ಘಟನೆಯಾಗಿ ಪ್ರತಿವರ್ಷವೂ ನಡೆಯುತ್ತಲೇ ಇದೆ.

ಇವೆಲ್ಲವೂ ಬಲಾತ್ಕಾರದ ಕಾರ್ಯಗಳು. ಇವುಗಳನ್ನು ನಾವು ಸಮರ್ಥಿಸಹೊರಟಿಲ್ಲ. ಆದರೆ ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ರಾಜಾಧಿರಾಜನಿಗೆ ಆ ದ್ವಾರಪಾಲಕನ ಬೆಲೆ ಇದ್ದದ್ದೇ ಅವನು ಕಲ್ಯಾಣದವನು ಎಂಬುದರಲ್ಲಿ. ಎಲ್ಲಿಂದ ತಂದೆ, ಯಾರಿಂದ ತಂದೆ, ಹೇಗೆ ತಂದೆ ಎಂಬುದನ್ನು ಅವನು ಕಲ್ಲಿನಲ್ಲಿ ಕೊರೆಸಿದ. ಹಂಪೆಯ ಶಾಸನವೂ ಉದಯಗಿರಿಯ ಹೆಸರನ್ನು ಮರೆಮಾಡುವುದಿಲ್ಲ. ನಮ್ಮ ಕಾಲದ ವಿಗ್ರಹಚೋರನ ಕಸುಬು ಇದಕ್ಕೆ ನೇರ ವಿರುದ್ಧವಾದುದು. ವಿಗ್ರಹ ಎಲ್ಲಿಯದು ಎಂಬುದನ್ನು ಅಳಿಸದೆ ಅವನಿಗೆ ಅದನ್ನು ಮಾರುವುದು ಸಾಧ್ಯವಿಲ್ಲ. ಅಳಿಸಿದ ಜಾಗದಲ್ಲಿ ಬೇರೊಂದು ಕಥೆಯನ್ನು ಬರೆಯದೆ ಒಳ್ಳೆಯ ಬೆಲೆ ಬರುವುದಿಲ್ಲ. ಹೆಣ್ಣುಗಂಡು ನೋಡುವಾಗ ನಮ್ಮ ಹಿರಿಯರು ಮನೆತನದ ಪೂರ್ವೋತ್ತರ ವಿಚಾರಿಸುತ್ತಿದ್ದರಲ್ಲವೆ, ಹಾಗೆಯೇ ಕಲಾವಸ್ತುಗಳ ಪೇಟೆಯಲ್ಲಿಯೂ ಕೊಳ್ಳುವವನು ವಸ್ತುವಿನ ಪೂರ್ವೋತ್ತರವನ್ನು ಕೇಳುತ್ತಾನೆ. ಆ ಪೂರ್ವೋತ್ತರವನ್ನು ಸೃಷ್ಟಿಸುವುದೇ ಈ ಅಪರಾಧದ ಜೀವಾಳವೆಂದು ನಮಗೆ ತೋರುತ್ತದೆ. ಗುಡಿಯ ಬೀಗ ಮುರಿಯುವುದು ಒಂದು ರಾತ್ರಿಯ ಕೆಲಸ; ಅದಕ್ಕೆ ಸಿಗುವ ಕೂಲಿಯೂ ಅಲ್ಪ. ಹೆಚ್ಚಿನ ಲಾಭವಿರುವುದು ಕಾಗದದಲ್ಲಿ.

ದೇವರ ಸೊತ್ತನ್ನು ಪಟ್ಟಿಮಾಡಿ ಕಾಪಾಡುವ ಪದ್ಧತಿ ನಮ್ಮಲ್ಲಿ ಹೊಸತಲ್ಲ. ತಂಜಾವೂರಿನ ರಾಜರಾಜೇಶ್ವರದ ಗೋಡೆಗಳ ಮೇಲಿನ ಶಾಸನಗಳು ಈ ವಿಷಯದಲ್ಲಿ ಅದ್ಭುತವಾದ ಆಕರಗಳು. ರಾಜರಾಜನೂ ಅವನ ಅಕ್ಕ ಕುಂದವೈಯೂ ಅಧಿಕಾರಿಗಳೂ ಅರ್ಪಿಸಿದ ಲೋಹಮೂರ್ತಿಗಳನ್ನು ಅವು ಒಂದೊಂದಾಗಿ ಹೆಸರಿಸುತ್ತವೆ. ಎತ್ತರವನ್ನು ಮೊಳ ಬೆರಳುಗಳಲ್ಲಿ ಹೇಳುತ್ತವೆ. ಕೈಗಳೆಷ್ಟು, ಪೀಠ ಎಂತಹುದು, ಆಭರಣಗಳ ತೂಕವೆಷ್ಟು ಎಂಬುದನ್ನೂ ಬಿಡುವುದಿಲ್ಲ. ಇಂದಿನ ಪೊಲೀಸರು ಕೇಳುವ ವಿವರಗಳಲ್ಲಿ ಛಾಯಾಚಿತ್ರವೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಅಲ್ಲಿದೆ ಎನ್ನಬಹುದು. ಆ ಮೂರ್ತಿಗಳಲ್ಲಿ ಇಂದು ಉಳಿದಿರುವುವು ತೀರ ಕಡಮೆ. ಗೋಡೆಯ ಮೇಲಿನ ಪಟ್ಟಿ ಉಳಿದಿದೆ.

ಕನ್ನಡ ಶಾಸನಗಳ ರೀತಿ ತುಸು ಬೇರೆ. ಅವು ದಾನದ ಎಲ್ಲೆಗಳನ್ನು ನಿಖರವಾಗಿ ಹೇಳಿ, ಕಡೆಯಲ್ಲಿ ಶಾಪಾಶಯಕ್ಕೆ ಬರುತ್ತವೆ: ದತ್ತಿಯನ್ನು ಅಪಹರಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಗಲುತ್ತದೆ ಎಂಬುದು ಪ್ರಸಿದ್ಧವಾದ ಮಾತು. ಇದನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕುವುದು ಉಚಿತವಲ್ಲ. ಅದರ ಹಿಂದೆ ಒಂದು ನ್ಯಾಯಶಾಸ್ತ್ರದ ತತ್ತ್ವವಿದೆ. ದೇವರು ಸೊತ್ತಿನ ಒಡೆಯ, ಅರ್ಚಕನಾಗಲಿ ಊರಿನ ಮುಖಂಡನಾಗಲಿ ಅರಸನಾಗಲಿ ಅದನ್ನು ಪರಭಾರೆ ಮಾಡಲಾರ ಎಂಬ ತತ್ತ್ವ. ಈ ತತ್ತ್ವ 1991ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನಮಗೆ ಪುನಃ ಎದುರಾಗುವುದರಿಂದ ಇಲ್ಲಿ ಅದನ್ನು ಪ್ರಸ್ತಾಪಿಸಿದೆವು.

ಆಧುನಿಕ ಕಾಯಿದೆಗಳನ್ನು ಕುರಿತು ದೀರ್ಘವಾಗಿ ಹೇಳಬೇಕಾಗಿಲ್ಲ. 1878ರ ನಿಧಿ ಕಾಯಿದೆ ನೆಲದಲ್ಲಿ ಸಿಕ್ಕಿದ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತುವನ್ನು ಸರ್ಕಾರಕ್ಕೆ ತಿಳಿಸತಕ್ಕದ್ದೆಂದು ವಿಧಿಸಿತು. 1947ರ ಕಾಯಿದೆ ಪ್ರಾಚ್ಯವಸ್ತುಗಳನ್ನು ಪರವಾನಗಿಯಿಲ್ಲದೆ ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿತು. ಇದನ್ನು ಬಲಪಡಿಸಿ 1972ರಲ್ಲಿ ಹೊಸ ಕಾಯಿದೆ ಬಂದು, 1976ರಲ್ಲಿ ಜಾರಿಯಾಯಿತು. ಕಾಯಿದೆಗಳು ಗಡಿಯಲ್ಲಿ ನಿಲ್ಲುತ್ತವೆ, ವಸ್ತುಗಳು ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಗಡಿಯನ್ನು ದಾಟುವುದೇ ವಸ್ತುವಿನ ಕಳಂಕವನ್ನು ತೊಳೆಯುವ ಉಪಾಯವೂ ಆಗಬಹುದು. 1980ರ ಕಾನೂನು ವರದಿಗಳಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಒಬ್ಬ ಸಂಗ್ರಾಹಕನ ಮನೆಯಿಂದ ಜಪಾನಿನ ಕಲಾವಸ್ತುಗಳು ಕಳವಾದುವು. ಅವುಗಳನ್ನು ಇಟಲಿಗೆ ಒಯ್ದು ಮಾರಲಾಯಿತು. ಕೊಂಡವನು ಅವುಗಳನ್ನು ಲಂಡನ್ನಿಗೇ ಹರಾಜಿಗೆ ಕಳುಹಿಸಿದ. ಕಳೆದುಕೊಂಡವನು ತನ್ನ ಸೊತ್ತನ್ನು ಗುರುತಿಸಿ ನ್ಯಾಯಾಲಯಕ್ಕೆ ಹೋದರೆ, ಮಾರಾಟವಾದಾಗ ವಸ್ತು ಯಾವ ದೇಶದಲ್ಲಿತ್ತೋ ಆ ದೇಶದ ಕಾನೂನೇ ಒಡೆತನವನ್ನು ನಿರ್ಣಯಿಸತಕ್ಕದ್ದೆಂದು ತೀರ್ಪಾಯಿತು. ಕಳವೆಂದು ಅರಿಯದೆ ಕೊಂಡವನಿಗೆ ಇಟಲಿಯ ಕಾನೂನು ರಕ್ಷಣೆ ಕೊಡುತ್ತಿತ್ತು. ಕದ್ದ ಊರಿಗೇ ಮರಳಿದ ಮಾಲು ನಡುವೆ ಒಂದು ಗಡಿಯನ್ನು ದಾಟಿದ್ದರಿಂದ ಕದ್ದದ್ದಲ್ಲವೆಂದಾಗುವ ಸಂಭವ ಹೀಗೆ ಒದಗಿತು.

ಈ ಹಿನ್ನೆಲೆಯಲ್ಲಿ ಶಿವಪುರದ ನಟರಾಜನ ಕಥೆಯನ್ನು ನೋಡೋಣ. ಕುಂಭಕೋಣದ ಬಳಿಯ ಈ ಗ್ರಾಮದಲ್ಲಿ 1951ರಲ್ಲಿ ನೆಲ ಅಗೆಯುವಾಗ ಕೆಲವು ಕಂಚಿನ ಮೂರ್ತಿಗಳು ದೊರೆತುವು. ನಿಧಿ ಕಾಯಿದೆಯಂತೆ ಅವು ಸರ್ಕಾರದ ವಶಕ್ಕೆ ಹೋಗಿ, ಅನಂತರ ಪೂಜೆಗಾಗಿ ಊರಿನ ದೇವಾಲಯಕ್ಕೆ ಸೇರಿದುವು. 1954ರಲ್ಲಿ ಅವುಗಳ ಜೀರ್ಣೋದ್ಧಾರವಾಗಬೇಕೆಂದು ಸ್ಥಪತಿಯ ಕೈಗೆ ಕೊಡಲಾಯಿತು. ಕೊಟ್ಟದ್ದು ಒಂದು, ಬಂದದ್ದು ಇನ್ನೊಂದು. ಹೊಸದಾಗಿ ಎರಕ ಹೊಯ್ದ ಪ್ರತಿಕೃತಿಗಳು ಗುಡಿಗೆ ಮರಳಿದುವು, ಮೂಲ ಮೂರ್ತಿಗಳು ಕೈಯಿಂದ ಕೈಗೆ ಸಾಗಿದುವು. ಊರಿನವರು ಎಂದಿನಂತೆ ಅಭಿಷೇಕ ಮಾಡಿಸಿ, ಮಂಗಳಾರತಿ ತೆಗೆದುಕೊಂಡು ಬಂದರು. ಅವರ ಭಕ್ತಿಗೆ ಊನವಾಯಿತೇ ಎಂಬುದು ಇತಿಹಾಸಕಾರನು ಉತ್ತರಿಸುವ ಪ್ರಶ್ನೆಯಲ್ಲ. ಆದರೆ ಹತ್ತಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿಯಲಿಲ್ಲವೆಂಬುದು ಗಮನಾರ್ಹ.

ತಿಳಿದದ್ದು ಒಬ್ಬ ವಿದ್ವಾಂಸನಿಂದ. ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ 1965ರಲ್ಲಿ ಪ್ರಕಟಿಸಿದ ಆದಿಕಾಲದ ಚೋಳ ಕಂಚುಗಳನ್ನು ಕುರಿತ ಗ್ರಂಥದಲ್ಲಿ, ಶಿವಪುರದ ಗುಡಿಯಲ್ಲಿರುವ ನಟರಾಜ ಇತ್ತೀಚಿನ ಪ್ರತಿಕೃತಿಯೆಂದೂ ಮೂಲಮೂರ್ತಿ ಮುಂಬಯಿಯ ಖಾಸಗಿ ಸಂಗ್ರಹದಲ್ಲಿದೆಯೆಂದೂ ತಿಳಿಸಿದ. ಅಷ್ಟರಮೇಲೂ ಮೂರ್ತಿ ದೇಶದಲ್ಲಿ ನಿಲ್ಲಲಿಲ್ಲ. ಅದು ಅಮೆರಿಕೆಯನ್ನು ಸೇರಿ, 1973ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯಿಂದ ಕ್ಯಾಲಿಫೋರ್ನಿಯದ ಉದ್ಯಮಿ ನಾರ್ಟನ್ ಸೈಮನ್ನನ ಪ್ರತಿಷ್ಠಾನಕ್ಕೆ 9 ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ಕಳ್ಳಸಾಗಣೆಯ ಮಾಲೆಂಬುದನ್ನು ಸೈಮನ್ ಅದೇ ವರ್ಷ ಪತ್ರಿಕೆಯೊಂದರ ಮುಂದೆ ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡ. ಇದು ಈಗ ಓದುವವರಿಗೆ ವಿಚಿತ್ರವಾಗಿ ತೋರಬಹುದು. ಅಂದಿನ ಪೇಟೆಯಲ್ಲಿ ಅದು ವಿಚಿತ್ರವಾಗಿರಲಿಲ್ಲ. ಭಾರತದಿಂದ ಸಾಗಿಸಿದ್ದು ಭಾರತದಲ್ಲಿ ಅಪರಾಧವೇ ಹೊರತು ತನ್ನ ನಾಡಿನಲ್ಲಲ್ಲ ಎಂಬ ನಂಬಿಕೆ ಆ ಮಾತಿನ ಹಿಂದಿತ್ತು. ಭಾರತ ಸರ್ಕಾರ ದಾವೆ ಹೂಡಿತು. 1976ರಲ್ಲಿ ರಾಜಿಯಾಯಿತು, ಮೂರ್ತಿ ಭಾರತದ್ದೆಂದು ಒಪ್ಪಿ, ಹತ್ತು ವರ್ಷ ಪ್ರತಿಷ್ಠಾನವೇ ಅದನ್ನು ಪ್ರದರ್ಶಿಸಬಹುದೆಂದು ಗೊತ್ತಾಯಿತು. 1986ರಲ್ಲಿ ನಟರಾಜ ಹಿಂತಿರುಗಿದ. ರಾಜಿಯ ಮೊಕದ್ದಮೆಯಾದ್ದರಿಂದ ಒಡೆತನದ ಪ್ರಶ್ನೆಯ ಮೇಲೆ ಯಾವ ತೀರ್ಪೂ ಬರಲಿಲ್ಲವೆಂಬುದನ್ನು ಮರೆಯಬಾರದು.

ತೀರ್ಪು ಬಂದದ್ದು ಪತ್ತೂರಿನ ನಟರಾಜನ ವಿಷಯದಲ್ಲಿ. ತಂಜಾವೂರು ಸೀಮೆಯ ಪತ್ತೂರಿನಲ್ಲಿ ಹನ್ನೆರಡನೆಯ ಶತಮಾನದ ವಿಶ್ವನಾಥಸ್ವಾಮಿ ದೇವಾಲಯ ಪಾಳುಬಿದ್ದಿತ್ತು. 1976ರಲ್ಲಿ ಅದರ ಬಳಿ ನೆಲವನ್ನು ಅಗೆಯುತ್ತಿದ್ದ ಒಬ್ಬ ಬಡ ಕೂಲಿಕಾರನ ಗುದ್ದಲಿಗೆ ಈ ಮೂರ್ತಿ ಸಿಕ್ಕಿತು. ಸಿಕ್ಕವನಿಗೆ ದೊರೆತದ್ದು ಅತ್ಯಲ್ಪ ಹಣ. ಅನೇಕರ ಕೈ ದಾಟಿ ಅದು ಲಂಡನ್ನಿಗೆ ಬಂದು, 1982ರಲ್ಲಿ ಕೆನಡದ ಬಂಪರ್ ಡೆವಲಪ್‌ಮೆಂಟ್ ಎಂಬ ಕಂಪನಿಗೆ ಮಾರಾಟವಾಯಿತು. ಮಾರಿದವನು ಸುಳ್ಳು ಪೂರ್ವೋತ್ತರವನ್ನು ಒದಗಿಸಿದ್ದ. ಕೊಂಡ ಕಂಪನಿ ಅದನ್ನು ನಂಬಿತ್ತು. ಶುದ್ಧೀಕರಣಕ್ಕೆಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಗ ಲಂಡನ್ನಿನ ಪೊಲೀಸರು ಮೂರ್ತಿಯನ್ನು ವಶಪಡಿಸಿಕೊಂಡರು. ಕಂಪನಿ ಪೊಲೀಸರ ಮೇಲೆಯೇ ದಾವೆ ಹಾಕಿತು.

ಈ ದಾವೆಯಲ್ಲಿ ಮೂರ್ತಿ ತಮ್ಮದೆಂದು ಬಂದವರಲ್ಲಿ ಭಾರತ ಸರ್ಕಾರವಿತ್ತು, ತಮಿಳುನಾಡು ಸರ್ಕಾರವಿತ್ತು, ದೇವಾಲಯವಿತ್ತು. ಪಾಳುಗುಡಿಯಲ್ಲಿ ದೊರೆತು ಪುನಃ ಪೂಜೆಗೊಂಡ ಶಿವಲಿಂಗವೂ ಇತ್ತು! ಇಂಗ್ಲಿಷ್ ಕಾನೂನಿನಲ್ಲಿ ಕಲ್ಲಿಗಾಗಲಿ ಕಟ್ಟಡಕ್ಕಾಗಲಿ ದಾವೆ ಹೂಡುವ ಅಧಿಕಾರವಿಲ್ಲ. ಆದರೆ ಭಾರತದ ಕಾನೂನು ದೇವಾಲಯವನ್ನು ಸೊತ್ತಿನ ಒಡೆತನವುಳ್ಳ ವ್ಯಕ್ತಿಯೆಂದು ಭಾವಿಸುವುದಾದರೆ, ಆ ವ್ಯಕ್ತಿ ತನ್ನ ಪ್ರತಿನಿಧಿಯ ಮೂಲಕ ಇಂಗ್ಲೆಂಡಿನಲ್ಲಿಯೂ ವಾದಿಯಾಗಬಹುದೆಂದು 1991ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಶಾಪಾಶಯವನ್ನು ಕೊರೆದ ನಮ್ಮ ಶಾಸನಕವಿಗಳು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಅವರ ಪಾಲಿಗೆ ಇದು ಸ್ವತಃಸಿದ್ಧವಾದ ವಿಷಯ.

ಆದರೆ ಪತ್ತೂರಿನ ಮೊಕದ್ದಮೆಯಲ್ಲಿ ಹೆಚ್ಚು ಕಷ್ಟಕ್ಕೆ ಬಂದದ್ದು ಕಾನೂನಿನ ಪ್ರಶ್ನೆಗಿಂತ ಗುರುತಿನ ಪ್ರಶ್ನೆ. ಲಂಡನ್ನಿನಲ್ಲಿರುವ ನಟರಾಜ ಪತ್ತೂರಿನಲ್ಲಿ ಸಿಕ್ಕಿದ ನಟರಾಜನೇ ಎಂಬುದನ್ನು ಹೇಗೆ ಸಾಧಿಸುವುದು? ಶತಮಾನಗಳ ಕಾಲ ನೆಲದಡಿಯಲ್ಲಿದ್ದ ಮೂರ್ತಿಗೆ ಗುಡಿಯಲ್ಲಿ ತೆಗೆದ ಚಿತ್ರವಿರಲಿಲ್ಲ, ಅಳತೆಯ ಪಟ್ಟಿಯಿರಲಿಲ್ಲ. ಅದೇ ಸ್ಥಳದಲ್ಲಿ ದೊರೆತ ಬೇರೆ ಕಂಚುಗಳ ಶೈಲಿಯೊಡನೆ ಹೋಲಿಸಬೇಕಾಯಿತು; ಲೋಹವನ್ನೂ ಮಣ್ಣನ್ನೂ ಪರೀಕ್ಷಿಸಬೇಕಾಯಿತು; ಕೈಬದಲಾಯಿಸಿದವರ ಹೇಳಿಕೆಗಳನ್ನು ಒಂದಕ್ಕೊಂದು ಹೊಂದಿಸಬೇಕಾಯಿತು. ವಶಪಡಿಸಿಕೊಂಡದ್ದು 1982ರಲ್ಲಿ, ಕೆಳಗಿನ ನ್ಯಾಯಾಲಯದ ತೀರ್ಪು 1988ರಲ್ಲಿ, ಮೂರ್ತಿ ಮರಳಿದ್ದು 1991ರಲ್ಲಿ. ಒಂಬತ್ತು ವರ್ಷ ಒಂದು ಸರ್ಕಾರವೇ ಬೆನ್ನಿಗೆ ನಿಂತು ಹೋರಾಡಬೇಕಾಯಿತು. ಹಿಂತಿರುಗಿ ಬಂದಮೇಲೂ ಅದು ಬಹುಕಾಲ ಇದ್ದದ್ದು ತನ್ನ ಗುಡಿಯಲ್ಲಲ್ಲ, ತಿರುವಾರೂರಿನ ವಿಗ್ರಹರಕ್ಷಣಾ ಕೇಂದ್ರದ ಬೀಗದೊಳಗೆ. ಪೂಜೆಯಿಲ್ಲದ ದೇವರನ್ನು ಕಾವಲುಗಾರರು ಕಾಯುವ ಈ ಏರ್ಪಾಡು ಅನಿವಾರ್ಯವಾಗಿರಬಹುದು. ಸಮಾಧಾನಕರವೆಂದು ಮಾತ್ರ ಹೇಳಲಾರೆವು.

ಮೂರನೆಯ ನಟರಾಜ ಶ್ರೀಪುರಂದಾನಿನದು. ಅರಿಯಲೂರು ಜಿಲ್ಲೆಯ ಈ ಗ್ರಾಮದ ಚೋಳರ ಕಾಲದ ದೇವಾಲಯದಲ್ಲಿ ನಿತ್ಯಪೂಜೆ ನಿಂತು, ಬಾಗಿಲಿಗೆ ಬೀಗ ಬಿದ್ದಿತ್ತು. 2006ರಲ್ಲಿ ಕಳ್ಳರು ಒಳಹೊಕ್ಕು ವಿಗ್ರಹಗಳನ್ನು ಒಯ್ದರು. ಊರಿಗೆ ಇದು ತಿಳಿದದ್ದು 2008ರಲ್ಲಿ. ಅದೂ ವಿಗ್ರಹಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ಅಧಿಕಾರಿಗಳು ಬಂದು ಬಾಗಿಲು ತೆರೆಸಿದಾಗ. ಅಷ್ಟರಲ್ಲಿ ನಟರಾಜ ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿದ್ದ. ಅಲ್ಲಿಯ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಅದನ್ನು ನ್ಯೂಯಾರ್ಕಿನ ಸುಭಾಷ್ ಕಪೂರನ ಅಂಗಡಿಯಿಂದ 50 ಲಕ್ಷ ಡಾಲರಿಗೆ ಕೊಂಡಿತ್ತು.

ಶಿವಪುರದ ಕಾಲಕ್ಕೂ ಇದಕ್ಕೂ ಇರುವ ಅಂತರವನ್ನು ಗುರುತಿಸಬೇಕು. 1973ರಲ್ಲಿ ಕೊಳ್ಳುವವನು ಕಳ್ಳಸಾಗಣೆಯೆಂದು ಬಹಿರಂಗವಾಗಿ ಹೇಳಬಹುದಾಗಿತ್ತು. 2008ರ ಹೊತ್ತಿಗೆ ಹಾಗೆ ಹೇಳುವಂತಿರಲಿಲ್ಲ. ಯುನೆಸ್ಕೊ ಸಂಸ್ಥೆಯ 1970ರ ಒಡಂಬಡಿಕೆಯನ್ನು ಭಾರತ 1977ರಲ್ಲಿ, ಅಮೆರಿಕ 1983ರಲ್ಲಿ, ಆಸ್ಟ್ರೇಲಿಯ 1989ರಲ್ಲಿ, ಬ್ರಿಟನ್ 2002ರಲ್ಲಿ ಒಪ್ಪಿದ್ದುವು. ಕಾಯಿದೆ ಬಿಗಿಯಾದಂತೆಲ್ಲ ವ್ಯಾಪಾರ ನಿಂತಿತೆಂದು ನಾವು ನಿರೀಕ್ಷಿಸಬಹುದು. ನಡೆದದ್ದು ಬೇರೆ. ಸುಳ್ಳು ಕಾಗದದ ಗುಣಮಟ್ಟ ಉತ್ತಮವಾಯಿತು. ಚೆನ್ನೈನಿಂದ ಹೊರಟ ವಿಗ್ರಹಗಳು ಕಸ್ಟಮ್ಸ್ ಕಾಗದಗಳಲ್ಲಿ ಹೊಸ ಕರಕುಶಲ ವಸ್ತುಗಳಾಗಿದ್ದುವು. ಸಮುದ್ರ ದಾಟಿದ ಕೂಡಲೆ ಅವೇ ಸಾವಿರ ವರ್ಷದ ಮೂರ್ತಿಗಳಾದುವು. ಜೊತೆಗೆ ಬೇರೊಂದು ಕಾಗದ ಬಂತು. ಆ ಕಾಗದದ ಪ್ರಕಾರ ನಟರಾಜನನ್ನು ವಿದೇಶದ ರಾಜತಾಂತ್ರಿಕನೊಬ್ಬನ ಕುಟುಂಬ 1972ರ ಕಾಯಿದೆಗೂ ಮೊದಲೇ ದೆಹಲಿಯಲ್ಲಿ ಕೊಂಡಿತ್ತು. ಒಂದೇ ವಸ್ತು ಒಂದು ಬಂದರಿನಲ್ಲಿ ನಿನ್ನೆ ಹುಟ್ಟಿದ್ದು, ಇನ್ನೊಂದರಲ್ಲಿ ಚೋಳರ ಕಾಲದ್ದು, ಮತ್ತೊಂದು ಪತ್ರದಲ್ಲಿ ದೇಶ ಬಿಟ್ಟು ಮೂವತ್ತು ವರ್ಷಕ್ಕೂ ಮಿಕ್ಕಿದ್ದು. ಯಾವ ದೇಶದ ಅಧಿಕಾರಿಯೂ ಈ ಮೂರು ಕಾಗದಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವುದಿಲ್ಲವೆಂಬ ಧೈರ್ಯದ ಮೇಲೆ ಈ ವ್ಯವಹಾರ ನಿಂತಿತ್ತು.

ನಾಲ್ಕನೆಯ ಕಾಗದವೊಂದು ಎಲ್ಲೋ ಇತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1955ರಲ್ಲಿ ಸ್ಥಾಪನೆಯಾದಂದಿನಿಂದ ದಕ್ಷಿಣದ ದೇವಾಲಯಗಳ ಛಾಯಾಚಿತ್ರಗಳನ್ನು ಸಂಗ್ರಹಿಸುತ್ತ ಬಂದಿತ್ತು. ಹಾಗೆ ಮಾಡಿದವರ ಉದ್ದೇಶ ಶೈಲಿಯ ಅಧ್ಯಯನ, ಮೂರ್ತಿಲಕ್ಷಣದ ಅಧ್ಯಯನ; ಕಳ್ಳರನ್ನು ಹಿಡಿಯುವುದಲ್ಲ. ಶ್ರೀಪುರಂದಾನಿನ ನಟರಾಜ 1994ರಲ್ಲಿ ತನ್ನ ಗುಡಿಯಲ್ಲಿದ್ದುದನ್ನು ಆ ಸಂಗ್ರಹದ ಚಿತ್ರ ತೋರಿಸಿತು. 1972ಕ್ಕೆ ಮೊದಲೇ ಮಾರಾಟವಾಗಿದ್ದ ವಿಗ್ರಹ 1994ರಲ್ಲಿ ಗುಡಿಯಲ್ಲಿ ಇರುವುದಾದರೂ ಹೇಗೆ? ಪತ್ತೂರಿಗೆ ಒಂಬತ್ತು ವರ್ಷ ಹಿಡಿಸಿದ್ದನ್ನು ಒಂದು ಚಿತ್ರ ಬಹು ಬೇಗ ಮುಗಿಸಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿ ಟೋನಿ ಅಬಟ್ ದೆಹಲಿಗೆ ಬಂದಾಗ ಈ ನಟರಾಜನನ್ನೂ ವೃದ್ಧಾಚಲದ ಅರ್ಧನಾರೀಶ್ವರನನ್ನೂ ತಂದು ಒಪ್ಪಿಸಿದರು. ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾಗಿ, 2012ರಲ್ಲಿ ಭಾರತಕ್ಕೆ ಒಪ್ಪಿಸಲ್ಪಟ್ಟು, 2022ರಲ್ಲಿ ಕುಂಭಕೋಣದ ನ್ಯಾಯಾಲಯದಿಂದ ಉಡೈಯಾರ್‌ಪಾಳೆಯದ ದೇವಾಲಯದ ಕಳವಿನ ಮೊಕದ್ದಮೆಯಲ್ಲಿ ಹತ್ತು ವರ್ಷದ ಶಿಕ್ಷೆಗೆ ಗುರಿಯಾದ.

ಇಂತಹ ಪತ್ತೆಗಳಲ್ಲಿ ಒಂದು ಸಾಮಾನ್ಯ ಲಕ್ಷಣ ಕಾಣಬರುತ್ತದೆ. 1961ರಲ್ಲಿ ನಾಲಂದದ ಸಂಗ್ರಹಾಲಯದಿಂದ ಕಳವಾದ ಹದಿನಾಲ್ಕು ಕಂಚುಗಳಲ್ಲಿ ಒಂದು ಬುದ್ಧಮೂರ್ತಿ 2018ರಲ್ಲಿ ಲಂಡನ್ನಿನಿಂದ ಮರಳಿತು. ಕಳವಿಗೆ ಮುಂಚೆ ಪುರಾತತ್ತ್ವ ಇಲಾಖೆ ತೆಗೆದಿದ್ದ ಚಿತ್ರಗಳಿಂದ ಅದರ ಗುರುತು ಸಿದ್ಧವಾಯಿತು. ಮೇಣದ ಅಚ್ಚಿನಲ್ಲಿ ಎರಕ ಹೊಯ್ದಾಗ ಅಚ್ಚು ಒಡೆದುಹೋಗುವುದರಿಂದ ಎರಡು ಮೂರ್ತಿಗಳು ಎಂದೂ ತದ್ರೂಪವಾಗಿರುವುದಿಲ್ಲ. ಚಿತ್ರವೊಂದಿದ್ದರೆ ಅದೇ ಸಾಕ್ಷಿ. ನೇಪಾಳದ ಪಾಟನಿನಿಂದ 1984ರಲ್ಲಿ ಅಪಹೃತವಾದ ಲಕ್ಷ್ಮೀನಾರಾಯಣ ಮೂರ್ತಿ 2021ರಲ್ಲಿ ಅಮೆರಿಕದ ಡಲ್ಲಸ್ ಸಂಗ್ರಹಾಲಯದಿಂದ ಹಿಂತಿರುಗಿತು. ಲೈನ್ ಸಿಂಗ್ ಬಾಂಗ್ದೇಲರು ಕಳವಾದ ಮೂರ್ತಿಗಳ ಹಳೆಯ ಚಿತ್ರಗಳನ್ನು ಕೂಡಿಸಿ 1989ರಲ್ಲಿ ಪ್ರಕಟಿಸಿದ ಗ್ರಂಥ ಅಂತಹ ಗುರುತಿಸುವಿಕೆಗೆ ಆಧಾರವಾಗಿದೆ. ಕಾಂಬೋಡಿಯದ ಕೊಹ್ ಕೇರ್‌ನಲ್ಲಂತೂ ಚಿತ್ರದ ಬದಲು ಪಾದಗಳಿದ್ದುವು. ಕಳ್ಳರು ದುರ್ಯೋಧನನ ಮೂರ್ತಿಯನ್ನು ಕಣಕಾಲಿನ ಬಳಿ ಕಡಿದು ಒಯ್ದಿದ್ದರು. ಪಾದಗಳು ಪೀಠದ ಮೇಲೆಯೇ ಉಳಿದಿದ್ದುವು. 2011ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದ ಮೂರ್ತಿಗೆ ಅವು ಹೊಂದಿಕೊಂಡುವು, 2014ರಲ್ಲಿ ಮೂರ್ತಿ ಸ್ವದೇಶಕ್ಕೆ ಮರಳಿತು.

ಇಲ್ಲಿ ನಮ್ಮ ವೃತ್ತಿಯ ಬಗ್ಗೆಯೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಕಾಲನಿರ್ಣಯ ಮಾಡುವವನು, ಶೈಲಿಯನ್ನು ಗುರುತಿಸುವವನು, ಇದು ಸೆಂಬಿಯನ್ ಮಾದೇವಿಯ ಕಾಲದ ಕೃತಿಯೆಂದು ಬರೆದುಕೊಡುವವನು ವಿದ್ವಾಂಸ. ಅವನ ಒಂದು ವಾಕ್ಯ ವಿಗ್ರಹದ ಬೆಲೆಯನ್ನು ಹತ್ತು ಮಡಿ ಏರಿಸಬಲ್ಲುದು. ಹರಾಜಿನ ಪಟ್ಟಿಗಳಲ್ಲಿ ಗ್ರಂಥಗಳ ಉಲ್ಲೇಖ ಇರುವುದು ಓದುಗರ ಜ್ಞಾನವೃದ್ಧಿಗಾಗಿ ಅಲ್ಲ. ಸೌಂದರ್ಯವನ್ನು ವರ್ಣಿಸಿ, ಎಲ್ಲಿಂದ ಬಂತೆಂದು ಕೇಳದೆ ಇರುವುದು ನಿಷ್ಪಕ್ಷಪಾತವಾದ ಪಾಂಡಿತ್ಯವೆಂದು ಒಂದು ಕಾಲದಲ್ಲಿ ಎಣಿಸಲ್ಪಟ್ಟಿತ್ತು. ಬ್ಯಾರೆಟ್ ತನ್ನ ಗ್ರಂಥದಲ್ಲಿ ಕಂಡದ್ದನ್ನು ಕಂಡಂತೆ ಬರೆದದ್ದರಿಂದ ಶಿವಪುರದ ವಂಚನೆ ಹೊರಬಿತ್ತು. ಬರೆಯದೆ ಬಿಟ್ಟ ವಿದ್ವಾಂಸರೆಷ್ಟು ಮಂದಿಯೋ! ಈ ಅಪರಾಧವನ್ನು ಪೊಲೀಸರ ವಿಷಯವೆಂದು ಬಿಟ್ಟುಬಿಡಲು ನಾವು ಒಪ್ಪದಿರುವುದು ಇದೇ ಕಾರಣದಿಂದ. ಸುಳ್ಳು ಇತಿಹಾಸವನ್ನು ಬರೆದು ಮಾರುವುದು ಈ ಕಸುಬಿನ ತಿರುಳಾದರೆ, ಅದಕ್ಕೆ ಎದುರಾಗಿ ನಿಲ್ಲತಕ್ಕವರು ಇತಿಹಾಸವನ್ನು ಬರೆಯುವವರೇ ಅಲ್ಲವೆ?

1970ರ ಒಡಂಬಡಿಕೆಯ ಏಳನೆಯ ವಿಧಿಯಲ್ಲಿ ಒಂದು ಷರತ್ತಿದೆ. ಸಂಗ್ರಹಾಲಯದಿಂದಲೋ ದೇವಾಲಯದಿಂದಲೋ ಸ್ಮಾರಕದಿಂದಲೋ ಕಳವಾದ ವಸ್ತುವನ್ನು ಆಮದು ಮಾಡಿಕೊಳ್ಳದಂತೆ ಸದಸ್ಯರಾಷ್ಟ್ರಗಳು ತಡೆಯಬೇಕು. ಆದರೆ ಆ ವಸ್ತು ಆ ಸಂಸ್ಥೆಯ ಪಟ್ಟಿಯಲ್ಲಿ ದಾಖಲಾಗಿರಬೇಕು. ಪಟ್ಟಿಯಲ್ಲಿ ಇಲ್ಲದ ದೇವರಿಗೆ ಈ ವಿಧಿಯ ಆಶ್ರಯ ದೊರೆಯುವುದಿಲ್ಲ. ಭಾರತವೂ ಅಮೆರಿಕವೂ 2024ರ ಜುಲೈನಲ್ಲಿ ಸಾಂಸ್ಕೃತಿಕ ಸೊತ್ತನ್ನು ಕುರಿತು ಪ್ರತ್ಯೇಕವಾದ ಒಪ್ಪಂದಕ್ಕೆ ಸಹಿ ಹಾಕಿವೆ. ಅದರ ಫಲವೂ ಬಹುಮಟ್ಟಿಗೆ ಇಲ್ಲಿಂದ ಒದಗಿಸಬಹುದಾದ ದಾಖಲೆಗಳನ್ನೇ ಅವಲಂಬಿಸಿದೆ. ಕೇಂದ್ರ ಸರ್ಕಾರ 2007ರಲ್ಲಿ ಸ್ಮಾರಕಗಳ ಮತ್ತು ಪ್ರಾಚ್ಯವಸ್ತುಗಳ ಪಟ್ಟಿಗಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. 2013ರಲ್ಲಿ ಲೆಕ್ಕಪರಿಶೋಧಕರು ಪರಿಶೀಲಿಸಿದಾಗ ಸಂರಕ್ಷಿತ ಸ್ಮಾರಕಗಳಲ್ಲಿ 92 ಸ್ಥಳದಲ್ಲಿಯೇ ಇಲ್ಲವೆಂದು ಹೇಳಿದರು. ಕಟ್ಟಡಗಳ ಗತಿಯೇ ಹೀಗಾದರೆ ಎರಡಡಿಯ ಉತ್ಸವಮೂರ್ತಿಗಳ ಪಾಡೇನು?

ಕರ್ನಾಟಕ ಈ ವಿಷಯದಲ್ಲಿ ಪೂರ್ತಿ ಬಡವಾಗಿಲ್ಲ. 1885ರಲ್ಲಿ ಸ್ಥಾಪಿತವಾದ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ನರಸಿಂಹಾಚಾರ್ಯರೂ ಕೃಷ್ಣ ಅವರೂ ಹಳ್ಳಿಹಳ್ಳಿಯ ಗುಡಿಗಳನ್ನು ಹೊಕ್ಕು ವರ್ಣಿಸಿದ್ದಾರೆ, ಚಿತ್ರಗಳನ್ನೂ ಕೊಟ್ಟಿದ್ದಾರೆ. ಆ ಸಂಪುಟಗಳನ್ನು ನಾವು ಶಾಸನಗಳಿಗಾಗಿ ತೆರೆಯುತ್ತೇವೆ. ವಿಗ್ರಹಗಳ ವಿವರದ ಪುಟಗಳನ್ನು ಮಗುಚಿ ಮುಂದೆ ಹೋಗುತ್ತೇವೆ. ಆದರೂ ಅವರು ಮುಖ್ಯವಾಗಿ ನೋಡಿದ್ದು ಶಿಲೆಯನ್ನು. ಗರ್ಭಗುಡಿಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಪೆಟ್ಟಿಗೆಯಲ್ಲಿ, ಅರ್ಚಕರ ಮನೆಯ ಅಟ್ಟದಲ್ಲಿ ಇರುವ ಲೋಹಮೂರ್ತಿಗಳ ಕಡೆಗೆ ಅವರ ಗಮನ ಅಷ್ಟಾಗಿ ಹೋಗಲಿಲ್ಲ. ತಮಿಳುನಾಡು 1983ರಲ್ಲಿಯೇ ವಿಗ್ರಹಚೌರ್ಯಕ್ಕೆ ಪ್ರತ್ಯೇಕವಾದ ಪೊಲೀಸ್ ದಳವನ್ನು ರಚಿಸಿತು.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಲ್ಯಾಣದ ದ್ವಾರಪಾಲಕನನ್ನು ನಾವು ಕೇಳಬೇಕಾದ್ದಿಲ್ಲ. ತಾನು ಎಲ್ಲಿಯವನೆಂಬುದು ಅವನ ಮೈಮೇಲೆಯೇ ಇದೆ, ಅವನು ಇತಿಹಾಸದಿಂದ ಕಾಣೆಯಾಗಿಲ್ಲ. ಕಾಣೆಯಾಗಬಹುದಾದವರು ಬೇರೆ. ಕಳೆದ ವರ್ಷ ಅದೇ ತರಗತಿಯ ಕೆಲವರೊಡನೆ ನಮ್ಮ ಜಿಲ್ಲೆಯ ಒಂದು ಹಳ್ಳಿಯ ದೇವಾಲಯಕ್ಕೆ ಹೋಗಿ ಸೊತ್ತಿನ ಪಟ್ಟಿಯನ್ನು ಕೇಳಿದೆವು. ಅರ್ಚಕರು ಸಂಕೋಚವಿಲ್ಲದೆ ತಂದುಕೊಟ್ಟರು. “ಪಂಚಲೋಹದ ದೇವರು, ಸಣ್ಣದು ದೊಡ್ಡದು ಸೇರಿ, ಏಳು” ಎಂದಷ್ಟೇ ಬರೆದಿತ್ತು. ಅದರ ಕೆಳಗಿನ ಸಾಲಿನಲ್ಲಿ ಹಿತ್ತಾಳೆಯ ಗಂಟೆಗಳ ತೂಕವನ್ನು ಸೇರು ಪಾವುಗಳಲ್ಲಿ ಕೊಟ್ಟಿದ್ದರು. ಅಂದು ಮಧ್ಯಾಹ್ನ ಅವರ ಅನುಮತಿ ಪಡೆದು ಏಳನ್ನೂ ಹಜಾರದ ಬೆಳಕಿಗೆ ತರಿಸಿದೆವು. ಮುಟ್ಟುವ ಅಧಿಕಾರ ನಮಗಿರಲಿಲ್ಲವಾದ್ದರಿಂದ ಅರ್ಚಕರೇ ದಾರ ಹಿಡಿದು ಅಳೆದರು, ಹುಡುಗಿಯರು ಬರೆದುಕೊಂಡರು, ಒಬ್ಬ ಹುಡುಗ ನಾಲ್ಕು ಕಡೆಯಿಂದಲೂ ಚಿತ್ರ ತೆಗೆದ. ಐದನೆಯ ಮೂರ್ತಿಯ ಎಡಗೈಯ ಕಿರುಬೆರಳು ಮುರಿದಿದೆ. ಏಳನೆಯದರ ಪೀಠದ ಹಿಂಭಾಗದಲ್ಲಿ ನಾಲ್ಕು ಕನ್ನಡ ಅಕ್ಷರಗಳಿವೆ, ಅವುಗಳನ್ನು ಓದುವ ಪ್ರಯತ್ನ ನಡೆದಿದೆ.